ಪ್ರೀತಿ ಬಂದರೆ ಸೇಡು ಸಡಿಲವಾಗುತ್ತದೆಯೇ? ‘ದಿ ಗ್ಲೋರಿ’ಯ ಒಂದು ಶುಕ್ರವಾರ

2023ರ ಮಾರ್ಚ್ 10, ಶುಕ್ರವಾರ. ಕೊರಿಯಾದಲ್ಲಿ ಸಂಜೆ 5 ಗಂಟೆ, ನಮ್ಮಲ್ಲಿ ಮಧ್ಯಾಹ್ನ 1.30. ಕೊರಿಯನ್ ಸೇಡಿನ ಧಾರಾವಾಹಿ ‘ದಿ ಗ್ಲೋರಿ’ಯ ಉಳಿದ ಎಂಟು ಕಂತುಗಳು ನೆಟ್‌ಫ್ಲಿಕ್ಸ್‌ನಲ್ಲಿ ಒಂದೇ ಸಲಕ್ಕೆ ಬಂದ ಹೊತ್ತು. ಮೊದಲ ಎಂಟು ಬಂದಿದ್ದು 2022ರ ಡಿಸೆಂಬರ್ 30ರಂದು. ನಡುವೆ 70 ದಿನ ಕಾಯಿಸಿದರು ಅಂತ ಬೈದವರೇ ಎಲ್ಲರಿಗಿಂತ ಮೊದಲು ಕೂತರು. ಒಂದೊಂದು ಕಂತು ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ರಜೆ ಹಾಕಿ ನೋಡಿದವರಿಗೆ ರಾತ್ರಿ ಊಟದ ಹೊತ್ತಿಗೆ ಕಥೆ ಮುಗಿಯಿತು. ಆಫೀಸಿಗೆ ಹೋದವರು ಗುಟ್ಟು ಬಯಲಾದೀತೆಂದು ಮನೆ ಸೇರುವತನಕ ಫೋನ್ ತೆರೆಯಲಿಲ್ಲ. ಮೊದಲ ಮೂರು ದಿನದಲ್ಲಿ ಜಗತ್ತಿನಾದ್ಯಂತ 12 ಕೋಟಿ ಗಂಟೆಗೂ ಹೆಚ್ಚು ವೀಕ್ಷಣೆ ಎಂದು ನೆಟ್‌ಫ್ಲಿಕ್ಸ್ ಲೆಕ್ಕ ಕೊಟ್ಟಿತು. (ಇಲ್ಲಿಂದ ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ. ನೋಡದವರು ನೋಡಿ ಬಂದು ಓದುವುದು ಒಳ್ಳೆಯದು.)

ಆ ದಿನ ಕಾದು ಕೂತವರ ಬಳಿ ಇದ್ದ ಪ್ರಶ್ನೆಗಳು ಮುಖ್ಯವಾಗಿ ಎರಡು. ಮೊದಲ ಭಾಗದಲ್ಲಿ ಕಾಣೆಯಾದ, ಶತ್ರುಗಳಲ್ಲೊಬ್ಬ ಮ್ಯೋಂಗ್-ಓ ಏನಾದ? ನಾಯಕಿ ಡಾಂಗ್-ಉನ್ ಕೊನೆಗೆ ಡಾಕ್ಟರ್ ಯೋ-ಜೋಂಗನನ್ನು ಒಪ್ಪುತ್ತಾಳೋ ಇಲ್ಲವೋ? ಮೊದಲನೆಯದಕ್ಕೆ ಕಥೆಯೇ ಉತ್ತರ ಕೊಟ್ಟಿತು. ಎರಡನೆಯದರ ಬಗ್ಗೆ ಜನ ಇನ್ನೂ ಜಗಳ ಆಡುತ್ತಾರೆ.

ಕಥೆ ಗೊತ್ತಿರುವವರಿಗೂ ಒಂದು ನೆನಪು. ಮುನ್ ಡಾಂಗ್-ಉನ್ ಶಾಲೆಯಲ್ಲಿ ಓದುವಾಗ ಪಾರ್ಕ್ ಯೋನ್-ಜಿನ್ ಮತ್ತವಳ ಗೆಳೆಯರು ಸೇರಿ ಐವರು, ಕೂದಲು ಸುರುಳಿ ಮಾಡುವ ಬಿಸಿ ಕರ್ಲಿಂಗ್ ಐರನ್‌ನಿಂದ ಅವಳ ಮೈ ಸುಡುತ್ತಾರೆ. ಮೇಷ್ಟ್ರು, ಪೊಲೀಸರು, ಹೆತ್ತ ತಾಯಿ, ಒಬ್ಬರೂ ಅವಳ ಪರ ನಿಲ್ಲುವುದಿಲ್ಲ. ಓದು ಬಿಟ್ಟು ಜವಳಿ ಕಾರ್ಖಾನೆಗೆ ಸೇರಿ, ಅಲ್ಲಿಂದಲೇ ಪರೀಕ್ಷೆ ಕಟ್ಟಿ, ಶಿಕ್ಷಕಿಯಾಗಿ, ಯೋನ್-ಜಿನ್ ಮಗಳು ಓದುವ ಪ್ರಾಥಮಿಕ ಶಾಲೆಗೇ ಕ್ಲಾಸ್ ಟೀಚರ್ ಆಗಿ ಬರುತ್ತಾಳೆ. ಇದು ಉತ್ಪ್ರೇಕ್ಷೆ ಅಂತ ನಮಗೆ ಅನ್ನಿಸಬಹುದು. ಕೊರಿಯಾದವರಿಗೆ ಹಾಗನ್ನಿಸಲಿಲ್ಲ. 2006ರಲ್ಲಿ ಚೋಂಗ್ಜು ಊರಿನ ಶಾಲೆಯೊಂದರಲ್ಲಿ ಸಹಪಾಠಿಯನ್ನು ಕರ್ಲಿಂಗ್ ಐರನ್‌ನಿಂದಲೇ ಸುಟ್ಟ ಪ್ರಕರಣ ಅಲ್ಲಿ ದೊಡ್ಡ ಸುದ್ದಿಯಾಗಿತ್ತು.

ಪ್ರೀತಿಯ ಬಗ್ಗೆ ಅಷ್ಟು ಕುತೂಹಲ ಹುಟ್ಟಲು ಕಾರಣ ಬರೆದವರ ಹೆಸರು. ಕಿಮ್ ಉನ್-ಸೂಕ್ ಅಂದರೆ ಕೊರಿಯಾದಲ್ಲಿ ರೊಮ್ಯಾನ್ಸ್. 2010ರ ‘ಸೀಕ್ರೆಟ್ ಗಾರ್ಡನ್’ ಅವರದ್ದು, 2016ರ ‘ಡಿಸೆಂಡೆಂಟ್ಸ್ ಆಫ್ ದಿ ಸನ್’ ಕೂಡ. ಆ ಎರಡನೆಯದರ ನಾಯಕಿ ಸಾಂಗ್ ಹೇ-ಕ್ಯೋ ಇಲ್ಲಿ ಡಾಂಗ್-ಉನ್. ಹೀಗಿದ್ದಾಗ ಹಳೆಯ ಅಭಿಮಾನಿಗಳು ಮೊದಲ ಕಂತಿನಿಂದಲೇ ‘ಹೀರೋ ಎಲ್ಲಿ’ ಅಂತ ಹುಡುಕುವುದು ಸಹಜ. ಸೇಡಿನ ಕಥೆಗೆಂದು ಬಂದವರದ್ದು ಅದರ ಎದುರು ಭಯ: ಎಲ್ಲಿ ಒಬ್ಬ ಚೆಂದದ ಡಾಕ್ಟರ್ ಬಂದು ‘ಎಲ್ಲ ಮರೆತುಬಿಡು’ ಅಂದುಬಿಡುತ್ತಾನೋ ಅಂತ.

ಆ ಭಯಕ್ಕೆ ಆಧಾರವಿತ್ತು. ಸೇಡಿನ ಮೆಲೋಡ್ರಾಮಾ ನೋಡುವವರು ಮನಸ್ಸಿನಲ್ಲೇ ಒಂದು ಲೆಕ್ಕದ ಪುಸ್ತಕ ಇಟ್ಟಿರುತ್ತಾರೆ. ಯಾರು ಏನು ಮಾಡಿದರು, ಅದಕ್ಕೆ ಎಷ್ಟು ವಾಪಸ್ ಬಂತು, ಬಾಕಿ ಎಷ್ಟು. ನಾಯಕಿ ಪ್ರೀತಿಯಲ್ಲಿ ಬಿದ್ದರೆ ಎರಡು ಕಡೆ ಲೆಕ್ಕ ತಪ್ಪುತ್ತದೆ. ಅವಳು ಸುಖವಾಗಿ ಕಂಡ ಕೂಡಲೇ ‘ಪಾಪ, ಇನ್ನಾದರೂ ನೆಮ್ಮದಿಯಾಗಿರಲಿ’ ಅನ್ನಿಸಿ ನೋಡುವವರ ಸಿಟ್ಟು ಇಳಿಯುತ್ತದೆ. ಜೊತೆಗೆ, ಪ್ರೀತಿಯ ದೃಶ್ಯ ತಿಂದ ಹತ್ತು ನಿಮಿಷದಲ್ಲಿ ಶತ್ರುವಿಗೆ ಏನೂ ಆಗಿರುವುದಿಲ್ಲ. ಕೊರಿಯಾದ ವೀಕ್ಷಕರು ಇಂಥ ಭಾಗಗಳಿಗೆ ‘ಗೆಣಸು’ ಅನ್ನುತ್ತಾರೆ, ನೀರಿಲ್ಲದೆ ಗಂಟಲಲ್ಲಿ ಸಿಕ್ಕಿಕೊಂಡ ಗೆಣಸು. ಶತ್ರುವಿಗೆ ಸರಿಯಾದ ಏಟು ಬಿದ್ದಾಗ ‘ಸೈಡರ್’, ಅಂದರೆ ಅಲ್ಲಿಯ ನಿಂಬೆ ರುಚಿಯ ಸೋಡಾ. ಒಂದು ಕಂತು ಹೇಗಿತ್ತು ಅಂತ ಕೇಳಿದರೆ ಈ ಎರಡರಲ್ಲಿ ಒಂದನ್ನು ಹೇಳಿ ಮುಗಿಸುವವರೂ ಇದ್ದಾರೆ.

ಕಿಮ್ ಉನ್-ಸೂಕ್ ಈ ತೊಡಕನ್ನು ಬಿಡಿಸಿದ ರೀತಿಯನ್ನು ಗಮನಿಸಬೇಕು. ಡಾಂಗ್-ಉನ್ ಮತ್ತು ಜೂ ಯೋ-ಜೋಂಗ್ ಹತ್ತಿರವಾಗುವುದು ಬಾಡುಕ್ ಎಂಬ ಹಲಗೆಯಾಟದ (ಹೊರಗೆ ‘ಗೋ’ ಅನ್ನುತ್ತಾರೆ) ಮೂಲಕ. 19 ಅಡ್ಡ, 19 ಉದ್ದ ಗೆರೆ, 361 ಸಂಧಿಗಳು. ಕಪ್ಪು ಕಾಯಿ ಮೊದಲು. ಕಾಯಿ ಹೊಡೆಯುವುದಕ್ಕಿಂತ ಜಾಗ ಸುತ್ತುವರಿಯುವುದು ಮುಖ್ಯ. ಅವನು ತಾಳ್ಮೆಯಿಂದ ಕಲಿಸುತ್ತಾನೆ, ಅವಳು ಕಲಿಯುತ್ತಾಳೆ. ಬೇರೆ ಯಾವ ಧಾರಾವಾಹಿಯಲ್ಲಾದರೂ ಇದು ಪ್ರೇಮದ ದೃಶ್ಯವೇ. ಇಲ್ಲಿ ಅವಳು ಕಲಿಯುವುದು ಯೋನ್-ಜಿನ್ ಗಂಡ ಹಾ ದೋ-ಯೋಂಗ್ ಬಾಡುಕ್ ಆಡುತ್ತಾನೆ ಎಂಬ ಕಾರಣಕ್ಕೆ. ಹುಡುಗ ಒಲವಿನಿಂದ ಕೊಟ್ಟದ್ದನ್ನು ಹುಡುಗಿ ಶತ್ರುವಿನ ಗಂಡನ ಎದುರು ಕೂರಲು ಬಳಸುತ್ತಾಳೆ. ಒಂದೇ ದೃಶ್ಯ ಎರಡೂ ಕೆಲಸ ಮಾಡಿದ್ದರಿಂದ ಸೇಡಿನವರಿಗೆ ಸಮಯ ಹಾಳಾಯಿತು ಅನ್ನಿಸಲಿಲ್ಲ, ಪ್ರೀತಿಯವರಿಗೂ ಬರಿಗೈ ಆಗಲಿಲ್ಲ. ಮುಂದೆ ಅವಳು ತನಗೆ ರಾಜಕುಮಾರ ಬೇಡ, ಜೊತೆಗೆ ಕತ್ತಿ ಹಿಡಿದು ಕುಣಿಯುವ ಕಟುಕ ಬೇಕು ಎಂಬರ್ಥದ ಮಾತಾಡುತ್ತಾಳೆ. ಸುಟ್ಟ ಗಾಯದ ಕಲೆಗಳನ್ನು ಕಂಡ ಮೇಲೆ ಅವನು ಆ ಕೆಲಸಕ್ಕೇ ಒಪ್ಪಿಕೊಳ್ಳುತ್ತಾನೆ. ಪ್ಲಾಸ್ಟಿಕ್ ಸರ್ಜನ್ ಒಬ್ಬ ಗಾಯ ವಾಸಿ ಮಾಡುತ್ತೇನೆ ಅನ್ನುವ ಬದಲು ‘ಯಾರಿಂದ ಶುರುಮಾಡಲಿ’ ಅನ್ನುವ ಧಾಟಿಯಲ್ಲಿ ನಿಂತಾಗ ಬಹಳ ಮಂದಿಯ ಆತಂಕ ಕಳೆಯಿತು.

ಬರಹಗಾರ್ತಿ ಊಹಿಸಿದ್ದರೋ ಇಲ್ಲವೋ, ಜನರ ಮನಸ್ಸು ಓಡಿದ್ದು ಇನ್ನೊಂದು ಕಡೆಗೂ. ದೋ-ಯೋಂಗ್ ಪಾತ್ರ ಮಾಡಿದ ಜಂಗ್ ಸಂಗ್-ಇಲ್ ಈ ಧಾರಾವಾಹಿಯಿಂದಲೇ ಮನೆಮಾತಾದ. ಶ್ರೀಮಂತ, ಸಭ್ಯ, ಒಳಗೆ ಕ್ರೂರಿ. ಹೆಂಡತಿಯ ಹಳೆಯ ಪಾಪ ಒಂದೊಂದಾಗಿ ಗೊತ್ತಾಗುತ್ತ ಹೋದಂತೆ ಅವನ ಮುಖ ಬದಲಾಗುವುದನ್ನು ನೋಡಲೆಂದೇ ದೃಶ್ಯ ಹಿಂದೆ ಹಾಕಿದವರಿದ್ದಾರೆ. ಅವನೂ ಡಾಂಗ್-ಉನ್ನೂ ಬಾಡುಕ್ ಹಲಗೆಯ ಎರಡು ಬದಿ ಮಾತಿಲ್ಲದೆ ಕೂತ ದೃಶ್ಯಗಳಲ್ಲಿ, ಅಧಿಕೃತ ಜೋಡಿಗಿಂತ ಹೆಚ್ಚು ಕಾವಿದೆ ಎಂಬ ವಾದ ಜೋರಾಗಿ ನಡೆಯಿತು. ಈ ವಾದ ನನಗೆ ಅರ್ಧ ಒಪ್ಪಿಗೆ. ಯೋ-ಜೋಂಗನ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ಮೊದಲೇ ಗೊತ್ತು, ದೋ-ಯೋಂಗನದ್ದು ಗೊತ್ತಿಲ್ಲ. ಕಾವು ಹುಟ್ಟಿಸಿದ್ದು ಆ ಗೊತ್ತಿಲ್ಲದಿರುವಿಕೆ. ಅವನನ್ನೇ ಕೊನೆಗೆ ಜೋಡಿ ಮಾಡಿದ್ದರೆ ಆ ಕಾವು ಮರುದಿನವೇ ಆರುತ್ತಿತ್ತು.

ನಿಜವಾದ ಅಕ್ಕರೆ ಬಂದಿದ್ದು ಪ್ರೇಮದ ಕಡೆಯಿಂದ ಅಲ್ಲವೇ ಅಲ್ಲ. ಗಂಡನಿಂದ ದಿನಾ ಏಟು ತಿನ್ನುವ ಕಾಂಗ್ ಹ್ಯೋನ್-ನಮ್ ಎಂಬ ಮನೆಗೆಲಸದಾಕೆ ಡಾಂಗ್-ಉನ್ ಜೊತೆ ಕರಾರು ಮಾಡಿಕೊಳ್ಳುತ್ತಾಳೆ: ನನ್ನ ಗಂಡನ ಕಥೆ ನೀನು ಮುಗಿಸು, ನಿನ್ನ ಶತ್ರುಗಳ ಬೆನ್ನು ನಾನು ಹತ್ತುತ್ತೇನೆ. ಕ್ಯಾಮೆರಾ ಹಿಡಿಯಲು ಕಲಿಯುತ್ತಾಳೆ, ಕಾರು ಓಡಿಸಲು ಕಲಿಯುತ್ತಾಳೆ. ಇಬ್ಬರೂ ಯಜಮಾನಿ-ಆಳು ಅಂತ ಶುರುವಾಗಿ, ನಗು ಮರೆತ ಒಬ್ಬಳನ್ನು ಇನ್ನೊಬ್ಬಳು ನಗಿಸುವವರೆಗೆ ಬರುತ್ತಾರೆ. ಈ ಪಾತ್ರ ಮಾಡಿದ ಯೋಮ್ ಹೇ-ರಾನ್ ನಟನೆ ಬಗ್ಗೆ ತಕರಾರು ಎತ್ತಿದವರನ್ನು ಹುಡುಕಬೇಕು.

ಹಿಂದಿನ ಕೊರಿಯನ್ ಸೇಡಿನ ಕಥೆಗಳ ಜೊತೆ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಎಸ್‌ಬಿಎಸ್ ವಾಹಿನಿಯಲ್ಲಿ 2008ರ ನವೆಂಬರ್‌ನಿಂದ 2009ರ ಮೇ ತನಕ 129 ಕಂತು ಓಡಿದ ‘ಟೆಂಪ್ಟೇಷನ್ ಆಫ್ ವೈಫ್’ನಲ್ಲಿ ಗಂಡನಿಂದ ಸಾವಿನಂಚಿಗೆ ಹೋದ ಹೆಂಡತಿ, ಕಣ್ಣ ಬಳಿ ಒಂದು ಮಚ್ಚೆ ಇಟ್ಟುಕೊಂಡು ಬೇರೆ ಹೆಸರಲ್ಲಿ ವಾಪಸ್ ಬಂದು ಅದೇ ಗಂಡನನ್ನು ಮರುಳು ಮಾಡುತ್ತಾಳೆ. ಒಂದು ಮಚ್ಚೆಗೆ ಗಂಡನಿಗೂ ಗುರುತು ಸಿಗದೇ ಹೋಗುವುದೇ ಅಂತ ಜನ ನಕ್ಕರು. ಆ ಮಚ್ಚೆ ಇವತ್ತಿಗೂ ಅಲ್ಲಿ ತಮಾಷೆಯ ಸರಕು. ನಗುತ್ತಲೇ ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ತಪ್ಪದೆ ನೋಡಿದರು, ನಾಯಕಿ ಜಾಂಗ್ ಸೋ-ಹೀಗೆ ವಾಹಿನಿಯ ಆ ವರ್ಷದ ಅತ್ಯುನ್ನತ ಪ್ರಶಸ್ತಿಯೂ ಬಂತು. ಅಲ್ಲಿ ಪ್ರೀತಿಯ ನಾಟಕವೇ ಸೇಡಿನ ಆಯುಧ. 2020ರ ‘ದಿ ವರ್ಲ್ಡ್ ಆಫ್ ದಿ ಮ್ಯಾರೀಡ್’ ಕೊನೆಯ ಕಂತಿಗೆ ಶೇ. 28ಕ್ಕೂ ಹೆಚ್ಚು ರೇಟಿಂಗ್ ಪಡೆದರೂ, ನಾಯಕಿ ಮೋಸ ಮಾಡಿದ ಮಾಜಿ ಗಂಡನ ಜೊತೆ ಮತ್ತೆ ಒಂದು ರಾತ್ರಿ ಕಳೆದಾಗ ನೋಡುಗರಿಗೆ ತಡೆಯಲಾಗದ ಸಿಟ್ಟು ಬಂದಿತ್ತು. ಮನುಷ್ಯರು ಹಾಗೂ ಇರುತ್ತಾರೆ ಅನ್ನುವುದು ಸರಿ, ಆದರೆ ಲೆಕ್ಕ ಇಟ್ಟುಕೊಂಡು ಕೂತವರಿಗೆ ಅದು ಸಾಲಗಾರನಿಗೇ ಮತ್ತೆ ಸಾಲ ಕೊಟ್ಟಂತೆ. ನಮ್ಮ ಸಂಜೆಯ ಕನ್ನಡ ಧಾರಾವಾಹಿ ನೋಡುವವರಿಗೆ ಈ ಸಂಕಟ ಹೊಸದಲ್ಲ. ಟಿಆರ್‌ಪಿ ಇರುವ ತನಕ ಅಲ್ಲಿ ವಸೂಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹದಿನಾರೇ ಕಂತು ಎಂದು ಮೊದಲೇ ಗೊತ್ತಿರುವುದು ನೋಡುವವರಿಗೆ ದೊಡ್ಡ ಧೈರ್ಯ.

ಮತ್ತೆ ಆ ಶುಕ್ರವಾರಕ್ಕೆ. ಎರಡನೇ ಭಾಗದಲ್ಲಿ ಹೆಚ್ಚು ಮೆಚ್ಚುಗೆ ಸಿಕ್ಕಿದ್ದು ಶಿಕ್ಷೆಗಳ ಹೊಂದಾಣಿಕೆಗೆ. ಆ ಐವರಲ್ಲಿ ಒಬ್ಬಳಾದ ಸಾ-ರಾ ಚುಚ್ಚಿದ ಪೆನ್ಸಿಲ್‌ನಿಂದ ಇನ್ನೊಬ್ಬಳು ಹೇ-ಜೋಂಗ್ ದನಿ ಕಳೆದುಕೊಳ್ಳುತ್ತಾಳೆ. ಅದೇ ಗುಂಪಿನ ಜೇ-ಜುನ್ ಮೊದಲು ಕಣ್ಣು ಕಳೆದುಕೊಂಡು, ಆಮೇಲೆ ಕಟ್ಟಡದ ಹಸಿ ಕಾಂಕ್ರೀಟ್‌ಗೆ ಬೀಳುತ್ತಾನೆ. ಟಿವಿಯಲ್ಲಿ ಹವಾಮಾನ ಹೇಳುತ್ತಿದ್ದ ಯೋನ್-ಜಿನ್ ಜೈಲಿನಲ್ಲಿ ಸಹಕೈದಿಗಳ ಎದುರು ನಿಂತು ಹವಾಮಾನ ಹೇಳಬೇಕಾಗುತ್ತದೆ. ಡಾಂಗ್-ಉನ್ ತಾನೇ ಕೈ ಎತ್ತುವುದು ಕಡಿಮೆ. ಐವರ ನಡುವೆ ಮೊದಲೇ ಇದ್ದ ಅಸೂಯೆ, ಗುಟ್ಟು, ಜಾತಿಯಷ್ಟೇ ಗಟ್ಟಿಯಾದ ಶ್ರೀಮಂತಿಕೆಯ ಮೇಲು-ಕೀಳು, ಇಷ್ಟಕ್ಕೆ ಕಿಡಿ ಹಚ್ಚಿ ದೂರ ನಿಲ್ಲುತ್ತಾಳೆ.

ತಕರಾರು ಎದ್ದಿದ್ದು ಮ್ಯೋಂಗ್-ಓ ವಿಷಯದಲ್ಲಿ. ಯೋನ್-ಜಿನ್ ಬಾಟಲಿಯಿಂದ ಹೊಡೆದಿದ್ದು ನಿಜ, ಆದರೆ ಕೊನೆಯ ಏಟು ಹಾಕಿದ್ದು ಅದೇ ಗುಂಪಿನಿಂದ ನರಳಿದ ಇನ್ನೊಬ್ಬಳು, ಗ್ಯೋಂಗ್-ರಾನ್. ಅದು ಗೊತ್ತಿದ್ದೂ ಡಾಂಗ್-ಉನ್ ಕೊಲೆಯ ಹೊಣೆ ಯೋನ್-ಜಿನ್ ತಲೆಗೇ ಕಟ್ಟುತ್ತಾಳೆ. ಇದು ನ್ಯಾಯವೇ ಅಂತ ಕೆಲವರು ಕೇಳಿದರು. ಹಿಂದೆ ಸೋ-ಹೀ ಎಂಬ ಹುಡುಗಿ ಸತ್ತಾಗ ಯೋನ್-ಜಿನ್ ತಪ್ಪಿಸಿಕೊಂಡ ಶಿಕ್ಷೆ ಈಗ ಬಂತು, ಹೆಸರು ಬೇರೆ, ಮೊತ್ತ ಸರಿ ಎಂದರು ಉಳಿದವರು. ನನ್ನ ಮತ ಎರಡನೆಯವರಿಗೆ.

ಅದೇ ದಿನ ತೆರೆಯ ಹೊರಗೂ ಒಂದು ಏಟು ಬಿತ್ತು. ನಿರ್ದೇಶಕ ಆನ್ ಗಿಲ್-ಹೋ ಹದಿಹರೆಯದಲ್ಲಿ ತಾವೇ ಹುಡುಗರನ್ನು ಹೊಡೆದಿದ್ದರು ಎಂಬ ಆರೋಪ ಮಾರ್ಚ್ 10ಕ್ಕೇ ಹೊರಬಂತು. ಎರಡು ದಿನದಲ್ಲಿ ವಕೀಲರ ಮೂಲಕ ಒಪ್ಪಿಕೊಂಡು ಕ್ಷಮೆ ಕೇಳಿದರು. ಶಾಲಾ ಹಿಂಸೆಯ ಕಥೆಯನ್ನು ಮೈಮರೆತು ನೋಡುತ್ತಿದ್ದವರಿಗೆ ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಫೆಬ್ರವರಿಯಲ್ಲಷ್ಟೇ ಅಲ್ಲಿಯ ಹಿರಿಯ ಪೊಲೀಸ್ ಹುದ್ದೆಯೊಂದಕ್ಕೆ ನೇಮಕವಾಗಿದ್ದವರೊಬ್ಬರ ಮಗನ ಶಾಲಾ ಹಿಂಸೆಯ ಪ್ರಕರಣ ಹೊರಬಂದು ಆ ನೇಮಕ ರದ್ದಾಗಿತ್ತು. ಏಪ್ರಿಲ್‌ನಲ್ಲಿ ಕೊರಿಯಾದ ಬೆಕ್ಸಾಂಗ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಡ್ರಾಮಾ ಗೌರವ ‘ದಿ ಗ್ಲೋರಿ’ಗೇ ಬಂತು, ನಟಿಯರ ಪ್ರಶಸ್ತಿ ಸಾಂಗ್ ಹೇ-ಕ್ಯೋಗೂ ಯೋನ್-ಜಿನ್ ಪಾತ್ರದ ಇಮ್ ಜಿ-ಯೋನ್‌ಗೂ.

ಇನ್ನು ಹೊಸದಾಗಿ ನೋಡುವವರಿಗೆ ಕೆಲವು ಮಾತು. ಮೊದಲ ಕಂತೇ ಎಲ್ಲಕ್ಕಿಂತ ಕಷ್ಟದ್ದು. ಸುಡುವ ದೃಶ್ಯಗಳೂ ಲೈಂಗಿಕ ಹಿಂಸೆಯೂ ಇವೆ, ದೊಡ್ಡವರಿಗೆ ಮಾತ್ರ ಎಂಬ ಗುರುತು ಸುಮ್ಮನೆ ಹಾಕಿದ್ದಲ್ಲ. ಮಕ್ಕಳನ್ನು ಕೂರಿಸಿಕೊಳ್ಳಬೇಡಿ. ನಿಮಗೂ ಆಗದಿದ್ದರೆ ಜಿಮ್ನಾಷಿಯಂ ದೃಶ್ಯ ಮುಂದಕ್ಕೆ ಓಡಿಸಿ, ಆದರೆ ಕಂತನ್ನೇ ಬಿಡಬೇಡಿ. ಐವರಲ್ಲಿ ಯಾರು ಏನು ಮಾಡಿದರು ಎಂಬುದು ತಲೆಯಲ್ಲಿ ಕೂರದಿದ್ದರೆ ಎರಡನೇ ಭಾಗದ ಶಿಕ್ಷೆಗಳಿಗೆ ರುಚಿ ಇರುವುದಿಲ್ಲ. ಯೋನ್-ಜಿನ್, ಯೋ-ಜೋಂಗ್, ದೋ-ಯೋಂಗ್, ಹೇ-ಜೋಂಗ್: ಈ ಹೆಸರುಗಳು ನಮ್ಮ ಕಿವಿಗೆ ಒಂದೇ ಥರ. ಕೆಲಸದಿಂದ ಗುರುತಿಟ್ಟುಕೊಳ್ಳಿ, ಹವಾಮಾನದವಳು, ಡಾಕ್ಟರ್, ಕಟ್ಟಡದ ಕಂಪನಿಯವನು, ಗಗನಸಖಿ. ಜೇ-ಜುನ್‌ಗೆ ಕೆಂಪು-ಹಸಿರು ಬಣ್ಣದ ವ್ಯತ್ಯಾಸ ತಿಳಿಯದು ಎಂಬುದನ್ನು ನೆನಪಿಡಿ, ಯೋನ್-ಜಿನ್ ಮಗಳು ಯೇ-ಸೋಲ್ ಯಾರ ಮಗಳು ಎಂಬುದು ಅದರ ಮೇಲೆ ನಿಂತಿದೆ. ಡಬ್ಬಿಂಗ್ ಬೇಡ. ಡಾಂಗ್-ಉನ್ ಕಥೆಯುದ್ದಕ್ಕೂ ಪತ್ರ ಬರೆದಂತೆ ಯೋನ್-ಜಿನ್‌ಗೆ ಹೇಳುತ್ತ ಹೋಗುವ ಮಾತುಗಳು ಸಾಂಗ್ ಹೇ-ಕ್ಯೋ ದನಿಯಲ್ಲೇ ಇರಬೇಕು. ಏರಿಳಿತವಿಲ್ಲದ ಆ ದನಿಯಲ್ಲೇ ಹೆದರಿಕೆ ಇದೆ.

ಕೊನೆಯ ಕಂತಿನ ಬಗ್ಗೆ ಎಲ್ಲರಿಗೂ ಒಂದೇ ಸಲಹೆ ಕೊಡಲಾಗದು. ಸೇಡು ಮುಗಿದ ಮೇಲೆ ಡಾಂಗ್-ಉನ್ ಸಾಯಲು ಮಹಡಿ ಹತ್ತುತ್ತಾಳೆ, ಯೋ-ಜೋಂಗನ ತಾಯಿ ಬಂದು ತನ್ನ ಮಗನನ್ನು ಉಳಿಸಿಕೊಡು ಅಂತ ಬೇಡಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಇಬ್ಬರೂ ಸೇರಿ ಯೋ-ಜೋಂಗನ ತಂದೆಯನ್ನು ಕೊಂದವನ ಬೆನ್ನು ಹತ್ತುತ್ತಾರೆ. ಆ ಕೊಲೆಗಾರ ಮಾಡಿದ್ದನ್ನು ನಾವು ಹದಿನೈದು ಕಂತು ಕೂತು ನೋಡಿಲ್ಲ, ಹಾಗಾಗಿ ಅವನ ಮೇಲೆ ನಮಗೆ ಬಾಕಿ ಕಡಿಮೆ. ಹೊಸ ಧಾರಾವಾಹಿಯ ಮೊದಲ ಕಂತನ್ನು ಇಲ್ಲಿ ಹೊಲಿದಂತೆ ಕಂಡಿತು ಅಂದವರ ದೂರು ನನಗೂ ಸರಿಯೆನಿಸಿತು. ಸೇಡಷ್ಟೇ ಸಾಕು ಅನ್ನುವವರು ಮಹಡಿಯ ದೃಶ್ಯಕ್ಕೆ ನಿಲ್ಲಿಸಬಹುದು, ಏನೂ ತಪ್ಪಿಹೋಗುವುದಿಲ್ಲ. ಆ ಜೋಡಿ ಒಂದಾಗಲಿ ಎಂದು ಹರಸಿದವರು ಮಾತ್ರ ಕೊನೆಯತನಕ ಕೂರಲೇಬೇಕು: ಅವರಿಬ್ಬರು ಕೈ ಹಿಡಿದು ಮನೆಗೆ ಹೋಗುವುದಿಲ್ಲ, ಜೈಲಿನ ಕಡೆ ಹೊರಡುತ್ತಾರೆ.