ಕಾಣೆಯಾದವರ ಆಸ್ತಿ: "ಏಳು ವರ್ಷ ಕಾಯಿರಿ" ಎಂದು ನಾನು ಹೇಳಬಾರದಿತ್ತು

ನಾನು ಸಿವಿಲ್ ವಕೀಲಿಕೆ ಆರಂಭಿಸಿದ ಹೊಸತರಲ್ಲಿ ಒಬ್ಬ ಹೆಣ್ಣುಮಗಳು ತಮ್ಮ ಮೈದುನನೊಂದಿಗೆ ಕಚೇರಿಗೆ ಬಂದಿದ್ದರು. ಗಂಡ ಮನೆಯಿಂದ ಹೊರಟುಹೋಗಿ ಮೂರು ತಿಂಗಳಾಗಿತ್ತು. ಬಾಡಿಗೆಗೆ ಕೊಟ್ಟಿದ್ದ ಒಂದು ಮನೆ, ಸ್ವಲ್ಪ ಜಮೀನು, ಬ್ಯಾಂಕಿನಲ್ಲಿದ್ದ ಠೇವಣಿ, ಒಂದು ಜೀವವಿಮೆ ಪಾಲಿಸಿ, ಎಲ್ಲವೂ ಗಂಡನ ಹೆಸರಿನಲ್ಲೇ ಇದ್ದವು. "ಏಳು ವರ್ಷ ಆಗಬೇಕಮ್ಮ, ಅಲ್ಲಿಯವರೆಗೆ ಏನೂ ಮಾಡಲು ಬರುವುದಿಲ್ಲ" ಎಂದು ಹೇಳಿ ನಾನು ಅವರನ್ನು ಕಳುಹಿಸಿದೆ. ಏಳು ವರ್ಷ ಕಳೆದ ಮೇಲೆ ಅವರು ಮತ್ತೆ ಬಂದು, "ಸರ್, ನೀವು ಹೇಳಿದ ಹಾಗೆ ಕಾದೆವು" ಎಂದರು. ಅಷ್ಟರಲ್ಲಿ ಕಂತು ಕಟ್ಟದೆ ಪಾಲಿಸಿ ರದ್ದಾಗಿತ್ತು, ಮನೆ ಕಂದಾಯ ಬಾಕಿ ಬೆಳೆದಿತ್ತು, ಯಾರಿಗೆ ಕೊಡಬೇಕೆಂಬ ನೆಪ ಹೇಳಿ ಬಾಡಿಗೆದಾರ ಬಾಡಿಗೆ ನಿಲ್ಲಿಸಿದ್ದ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಪೊಲೀಸ್ ಠಾಣೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದಿದ್ದ ದೂರು ಎಫ್‌ಐಆರ್ ಆಗಿ ದಾಖಲಾದದ್ದು ಐದನೆಯ ವರ್ಷದಲ್ಲಿ.

ಕಾನೂನು ನಿಜವಾಗಿ ಹೇಳುವುದೇನು? 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 107 ಮತ್ತು 108ನೇ ಕಲಮುಗಳಲ್ಲಿದ್ದ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ 110 ಮತ್ತು 111ನೇ ಕಲಮುಗಳಾಗಿ ಮುಂದುವರಿದಿದೆ. ಮೂವತ್ತು ವರ್ಷಗಳೊಳಗೆ ಬದುಕಿದ್ದರೆಂದು ತೋರಿಬಂದ ವ್ಯಕ್ತಿ ತೀರಿಕೊಂಡಿದ್ದಾರೆಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕು. ಸಹಜವಾಗಿ ಸುದ್ದಿ ತಿಳಿಯಬೇಕಾಗಿದ್ದ ಆಪ್ತರಿಗೆ ಏಳು ವರ್ಷ ಯಾವ ಸುದ್ದಿಯೂ ಬಾರದಿದ್ದರೆ, ಆ ಹೊಣೆ ಅವರು ಬದುಕಿದ್ದಾರೆಂದು ಹೇಳುವವರ ಮೇಲೆ ಬೀಳುತ್ತದೆ. ಇಲ್ಲಿ ಬದಲಾಗುವುದು ರುಜುವಾತಿನ ಹೊಣೆ ಮಾತ್ರ. ಏಳನೆಯ ವರ್ಷದ ಕೊನೆಯ ದಿನ ಯಾರೂ ತಮ್ಮಷ್ಟಕ್ಕೆ ತಾವೇ ಮೃತರಾಗುವುದಿಲ್ಲ, ಆಸ್ತಿಯೂ ತನ್ನಷ್ಟಕ್ಕೆ ವಾರಸುದಾರರಿಗೆ ಇಳಿಯುವುದಿಲ್ಲ. ದಾವೆ ಹೂಡಿ, ನ್ಯಾಯಾಲಯದಿಂದ ಘೋಷಣೆಯ ಡಿಕ್ರಿ ಪಡೆದ ಮೇಲೆಯೇ ಪೌತಿ ಖಾತೆ (ಮೃತರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮುಂತಾದ ಕೆಲಸಗಳು ಸಲೀಸಾಗುತ್ತವೆ.

ಇದರಿಂದ ಹೊರಡುವ ಅರ್ಥವನ್ನು ನಾನು ಆಗ ಗ್ರಹಿಸಿರಲಿಲ್ಲ. ಆ ಏಳು ವರ್ಷಗಳಲ್ಲಿ ಕಾನೂನಿನ ಕಣ್ಣಿಗೆ ಅದು ಬದುಕಿರುವ ಮನುಷ್ಯನ ಆಸ್ತಿ, ಆದ್ದರಿಂದ ಅದನ್ನು ಬದುಕಿರುವವರ ಆಸ್ತಿಯಂತೆಯೇ ಯಾರಾದರೂ ನೋಡಿಕೊಳ್ಳಬೇಕು. ಜೀವವಿಮೆಯ ವಿಷಯದಲ್ಲಿ ಇದು ತೀರಾ ಕಠಿಣವಾಗಿ ಎದುರಾಗುತ್ತದೆ. 2004ರಲ್ಲಿ ಭಾರತೀಯ ಜೀವ ವಿಮಾ ನಿಗಮ ಕಕ್ಷಿಯಾಗಿದ್ದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಏಳು ವರ್ಷ ಮುಗಿದರೆ ಸತ್ತಿದ್ದಾರೆಂದು ಭಾವಿಸಬಹುದೇ ಹೊರತು ಯಾವಾಗ ಸತ್ತರೆಂದು ಭಾವಿಸಲಾಗದು, ಸಾವಿನ ಸಮಯವನ್ನು ಸಾಕ್ಷ್ಯದಿಂದಲೇ ಸಾಬೀತು ಮಾಡಬೇಕು ಎಂದು ಸ್ಪಷ್ಟಪಡಿಸಿತು. ಕಂತು ನಿಂತು ಪಾಲಿಸಿ ರದ್ದಾಗಿದ್ದರೆ ಪೂರ್ಣ ಮೊತ್ತ ಕೇಳಲು ಬರುವುದಿಲ್ಲವೆಂಬುದೂ ಅದೇ ತೀರ್ಪಿನಲ್ಲಿದೆ. ನನ್ನ ಕಕ್ಷಿದಾರರು ಮೂರು ತಿಂಗಳಿಗೇ ನನ್ನ ಮುಂದೆ ಕುಳಿತಿದ್ದಾಗ "ಕಂತು ಮಾತ್ರ ಬಿಡಬೇಡಿ" ಎಂಬ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ಸಾವಿನ ದಿನಾಂಕದ ಪ್ರಶ್ನೆ ಪಾಲಿನ ಲೆಕ್ಕವನ್ನೂ ಬುಡಮೇಲು ಮಾಡಬಲ್ಲದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ, ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿಗೆ ಹೆಂಡತಿ ಮಕ್ಕಳ ಜೊತೆಗೆ ತಾಯಿಯೂ ಮೊದಲ ವರ್ಗದ ವಾರಸುದಾರಳು. ಈ ಪ್ರಕರಣದಲ್ಲಿ ತಾಯಿ ನಾಲ್ಕನೆಯ ವರ್ಷ ತೀರಿಕೊಂಡಿದ್ದರು. ಮಗ ಅದಕ್ಕಿಂತ ಮುಂಚೆ ಸತ್ತನೆಂದಾದರೆ ತಾಯಿಯ ಪಾಲು ಆಕೆಯ ಉಳಿದ ಮಕ್ಕಳಿಗೂ ಹಂಚಿಹೋಗುತ್ತದೆ, ಅನಂತರ ಎಂದಾದರೆ ಆ ಪಾಲೇ ಇರುವುದಿಲ್ಲ. ಮೊದಲ ದಿನ ಅಷ್ಟು ಕಾಳಜಿಯಿಂದ ಅತ್ತಿಗೆಯನ್ನು ಕರೆತಂದಿದ್ದ ಮೈದುನ ಈ ಕಾರಣಕ್ಕೇ ಎದುರು ಪಕ್ಷದಲ್ಲಿ ನಿಂತದ್ದನ್ನು ನಾನು ನೋಡಬೇಕಾಯಿತು.

ನಡುವಿನ ಈ ಅವಧಿಗೆಂದೇ ಕೆಲವು ದೇಶಗಳಲ್ಲಿ ಪ್ರತ್ಯೇಕ ವ್ಯವಸ್ಥೆ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2017ರಲ್ಲಿ ಅಂಗೀಕಾರವಾಗಿ 2019ರ ಜುಲೈಯಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಸಾಮಾನ್ಯವಾಗಿ 90 ದಿನ ಕಾಣೆಯಾಗಿರುವವರ ಆಸ್ತಿಗೆ ನ್ಯಾಯಾಲಯವು ನಾಲ್ಕು ವರ್ಷದವರೆಗೆ ಪಾಲಕರನ್ನು ನೇಮಿಸಬಹುದು. ಜಪಾನಿನಲ್ಲಿ ಕೌಟುಂಬಿಕ ನ್ಯಾಯಾಲಯವು ಆಡಳಿತಗಾರರನ್ನು ನೇಮಿಸುತ್ತದೆ. ನಮ್ಮಲ್ಲಿಯೂ ಅಂಥದೊಂದು ಕಾಯ್ದೆ ಬರಲೇಬೇಕೆಂದು ನಾನು ಬಲವಾಗಿ ನಂಬಿದ್ದೇನೆ, ಏಕೆಂದರೆ ಇಂದು ಮನೆಯವರು ಮಾಡುವ ಪ್ರತಿಯೊಂದು ಕೆಲಸವೂ ಅಧಿಕಾರವಿಲ್ಲದ ಕೆಲಸವೆಂಬ ಆಕ್ಷೇಪಕ್ಕೆ ತೆರೆದುಕೊಂಡಿರುತ್ತದೆ. ಕಾಣೆಯಾದವರು ತಮ್ಮ ಪರವಾಗಿ ವ್ಯವಹರಿಸಲು ಮೊದಲೇ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಟ್ಟಿದ್ದರೂ ನೆಮ್ಮದಿಯಿಲ್ಲ. ಬರೆದುಕೊಟ್ಟವರ ಸಾವಿನೊಂದಿಗೆ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯುವುದರಿಂದ, ಅದನ್ನು ನಂಬಿ ಆಸ್ತಿ ಮಾರಿದರೆ ಕೊಂಡವರ ತಲೆಯ ಮೇಲೆ ತೂಗುಗತ್ತಿ ಇದ್ದೇ ಇರುತ್ತದೆ. ಆದ್ದರಿಂದ ಆ ಅವಧಿಯಲ್ಲಿ ಮಾರಾಟದ ಮಾತು ಬಂದರೆ ನಾನು ಬೇಡವೆಂದೇ ಹೇಳುತ್ತೇನೆ.

ಬ್ಯಾಂಕಿನ ವಿಷಯ ಸ್ವಲ್ಪ ಸುಲಭ. ರಿಸರ್ವ್ ಬ್ಯಾಂಕ್ 2008ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯು, ಬ್ಯಾಂಕ್ ತಾನೇ ನಿಗದಿಪಡಿಸಿಕೊಂಡ ಮಿತಿಯೊಳಗಿನ ಮೊತ್ತವನ್ನು ಎಫ್‌ಐಆರ್, ಪತ್ತೆಯಾಗಿಲ್ಲವೆಂಬ ಪೊಲೀಸ್ ವರದಿ ಹಾಗೂ ನಷ್ಟಭರ್ತಿ ಪತ್ರದ ಆಧಾರದಲ್ಲಿ ಇತ್ಯರ್ಥ ಮಾಡಲು ದಾರಿ ತೋರಿಸಿತ್ತು. ಏಳು ವರ್ಷದ ಎಣಿಕೆ ಸುದ್ದಿ ನಿಂತ ದಿನದಿಂದಲೇ ಹೊರತು ಎಫ್‌ಐಆರ್ ದಿನದಿಂದಲ್ಲ, ನಿಜ. ಆದರೆ ಸುದ್ದಿ ನಿಂತ ದಿನವನ್ನು ತೋರಿಸಲು ಎಫ್‌ಐಆರ್‌ಗಿಂತ ಗಟ್ಟಿ ಕಾಗದ ಸಾಮಾನ್ಯ ಸಂಸಾರದವರ ಕೈಯಲ್ಲಿ ಬೇರೆ ಇರುವುದಿಲ್ಲ.

ಈಗ ಇಂಥವರು ಬಂದರೆ ಮೊದಲು ದೂರಿನ ಪ್ರತಿ ಕೇಳುತ್ತೇನೆ, ಅದೇ ದಿನ ಬಾಡಿಗೆದಾರರಿಗೂ ಬ್ಯಾಂಕಿಗೂ ವಿಮಾ ಕಚೇರಿಗೂ ಪತ್ರ ಬರೆಯಿಸುತ್ತೇನೆ, ಬಂದ ಹಣಕ್ಕೂ ಕಟ್ಟಿದ ಹಣಕ್ಕೂ ಲೆಕ್ಕ ಇಡಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ತಾಯಿ ಹಾಗೆ ಇಟ್ಟ ನೋಟ್‌ಬುಕ್ಕನ್ನು ನನಗೆ ತಂದುಕೊಟ್ಟರು. ಮಗಳ ಹಳೆಯ ಶಾಲೆಯ ಪುಸ್ತಕ, ಎಡಪುಟದಲ್ಲಿ ಬಾಡಿಗೆ, ಬಲಪುಟದಲ್ಲಿ ಕಂದಾಯ ಮತ್ತು ವಿಮೆಯ ಕಂತು, ಪ್ರತಿ ಪುಟಕ್ಕೂ ರಸೀದಿಗಳನ್ನು ಗುಂಡುಸೂಜಿಯಿಂದ ಸಿಕ್ಕಿಸಿದ್ದರು. ಇಷ್ಟು ಅಚ್ಚುಕಟ್ಟಾಗಿ ಹೇಗೆ ಬರೆದಿರಿ ಎಂದು ಕೇಳಿದಾಗ, "ಅವರು ಬಂದರೆ ಕೇಳುತ್ತಾರಲ್ಲ, ಸರ್" ಎಂದರು. ವಿಚಾರಣೆಯ ದಿನ ಆ ಪುಸ್ತಕ ನಮ್ಮ ಕಡೆಯ ದಾಖಲೆಯಾಗಿ ನಿಪಿ-6 ಎಂದು ಗುರುತಾಯಿತು, ಎದುರು ವಕೀಲರು ಅದರ ಒಂದು ಪುಟವನ್ನೂ ಪ್ರಶ್ನಿಸಲಿಲ್ಲ.