ಲಿಫ್ಟ್ ಮಾಡಿದ ಜಿಪ್ಸಿಯ ಸ್ಟೀರಿಂಗ್ ನಡುಕ: ಡ್ಯಾಂಪರ್ ಕೊಳ್ಳುವ ಮೊದಲು

ಗಾಡಿಯನ್ನು ಎತ್ತರಿಸಲು (ಲಿಫ್ಟ್) ಜಿಪ್ಸಿಗೆ ಉದ್ದನೆಯ ಶಾಕಲ್, ಎಂದರೆ ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಪಟ್ಟಿ, ಹಾಕಿಸಿ, 235/75 ಆರ್15 ಟೈರ್ ಏರಿಸಿ ಹೈವೇಗೆ ಇಳಿದರೆ 60-70ರ ಹೊತ್ತಿಗೆ ಸ್ಟೀರಿಂಗ್ ಗಡಗಡ ನಡುಗುವುದುಂಟು. ಗ್ಯಾರೇಜಿನಲ್ಲಿ ಮೊದಲು ಸಿಗುವ ಸಲಹೆ ‘ಡ್ಯಾಂಪರ್ (ಸ್ಟೀರಿಂಗಿನ ಅಲುಗಾಟ ಹೀರುವ, ಶಾಕ್ ಅಬ್ಸಾರ್ಬರಿನಂಥ ಭಾಗ) ಬದಲಿಸಿ’. ಬದಲಿಸಿದರೆ ನಡುಕ ನಿಲ್ಲುತ್ತದೆ ಕೂಡ, ಆ ಡ್ಯಾಂಪರ್ ಸವೆಯುವ ತನಕ. ಒಳಗೆ ಸಡಿಲವಾಗಿರುವ ಕೀಲು ಅಷ್ಟರಲ್ಲಿ ಇನ್ನಷ್ಟು ಸಡಿಲವಾಗಿರುತ್ತದೆ.

ಮೊದಲು ನಡುಕ ಯಾವ ಜಾತಿಯದು ಎಂದು ನೋಡಿ. ನುಣುಪು ರಸ್ತೆಯಲ್ಲೂ ಒಂದೇ ವೇಗಕ್ಕೆ ಬಂದು, ಅದನ್ನು ದಾಟಿದ ಮೇಲೆ ಹೋಗುವಂಥದ್ದಾದರೆ ತಪ್ಪು ಸಾಮಾನ್ಯವಾಗಿ ಚಕ್ರದಲ್ಲಿದೆ. ಗುಂಡಿಯೋ ಸೇತುವೆಯ ಜಾಯಿಂಟೋ ತಾಗಿದ್ದೇ ತಡ ಶುರುವಾಗಿ, ವೇಗ ಚೆನ್ನಾಗಿ ಇಳಿಯುವ ತನಕ ಬಿಡದಿದ್ದರೆ ಎಲ್ಲೋ ಕೀಲಿನಲ್ಲಿ ಆಟ (ಸಡಿಲ) ಇದೆ, ಇಲ್ಲವೇ ಕ್ಯಾಸ್ಟರ್, ಎಂದರೆ ಮುಂಚಕ್ರ ಎಡಬಲಕ್ಕೆ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕೆಟ್ಟಿದೆ. ಈ ಎರಡನೆಯದು ಬಂದಾಗ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಮೆಲ್ಲಗೆ ವೇಗ ಇಳಿಸಿ.

ಚಕ್ರದ ಪರೀಕ್ಷೆಗೆ ಖರ್ಚಿಲ್ಲ. ಮಳೆಗಾಲದಲ್ಲಿ ಎಸ್ಟೇಟ್ ರಸ್ತೆಗಳಲ್ಲಿ ಓಡಾಡುವ ಗಾಡಿಯಾದರೆ ರಿಮ್ಮಿನ ಒಳಮೈಯಲ್ಲಿ ಒಣಗಿ ಅಂಟಿದ ಕೆಸರನ್ನು ಕೆರೆದು ತೆಗೆಯಿರಿ. ಎಷ್ಟೋ ಗಾಡಿಗಳ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ ಹಾಕಿ ಓಡಿಸಿ. ನಡುಕ ಸ್ಟೀರಿಂಗಿನಿಂದ ಸೀಟಿಗೆ ಇಳಿದರೆ ಕಳ್ಳ ಟೈರೇ. ಜಾಕ್ ಏರಿಸಿ, ಟೈರಿನ ಹತ್ತಿರ ಚಾಕ್ ಹಿಡಿದು ತಿರುಗಿಸಿದಾಗ ಅಂತರ 2 ಮಿ.ಮೀ.ಗಿಂತ ಹೆಚ್ಚು ಏರಿಳಿದರೆ ಬ್ಯಾಲೆನ್ಸಿಂಗ್‌ನಿಂದ ಅದು ಸರಿಹೋಗುವುದಿಲ್ಲ. ಹೊರಗಿನ ಅಲಾಯ್ ಹಾಕಿದ್ದರೆ ನಡುತೂತು ಹಬ್ಬಿನ ಮೇಲೆ ಬಿಗಿಯಾಗಿ ಕೂತಿದೆಯೇ ನೋಡಿ. ಸಡಿಲವಿದ್ದರೆ ಸೆಂಟರಿಂಗ್ ರಿಂಗ್ ಬೇಕು.

ಈಗ ಕೀಲುಗಳು. ಚಕ್ರ ನೆಲದ ಮೇಲೇ ಇರಲಿ, ಜಾಕ್ ಬೇಡ. ಒಬ್ಬರು ಸ್ಟೀರಿಂಗನ್ನು ಬೇಗ ಬೇಗ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಲಿ. ನೀವು ಕೆಳಗೆ ಕೂತು ಟೈ-ರಾಡ್ (ಎರಡು ಮುಂಚಕ್ರಗಳನ್ನು ಜೋಡಿಸುವ ಸರಳು) ಎಂಡ್, ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನ ಕಡೆಯಿಂದ ಚಕ್ರದತ್ತ ಹೋಗುವ ಸರಳು), ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸಿನ ತೋಳು) ಒಂದೊಂದರ ಮೇಲೂ ಕೈಯಿಟ್ಟು ನೋಡಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ಸಿಗುತ್ತದೆ. ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗದಲ್ಲಿ ಚಾಸಿಗೆ ಬಿರುಕು ಬಿದ್ದಿಲ್ಲವೇ, ಬೋಲ್ಟ್ ಅಲುಗುತ್ತಿಲ್ಲವೇ ಎಂದೂ ಗಮನಿಸಿ. ಜಿಪ್ಸಿಯ ಮುಂದಿನ ಆಕ್ಸಲ್ಲಿಗೆ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ಲನ್ನು ಚಾಸಿಗೆ ಅಡ್ಡಲಾಗಿ ಕಟ್ಟುವ ಸರಳು) ಇಲ್ಲ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ತಡೆಯುವುದು ಲೀಫ್ ಸ್ಪ್ರಿಂಗುಗಳೇ. ಹಾಗಾಗಿ ಸ್ಪ್ರಿಂಗಿನ ಕಣ್ಣಿನ (ತುದಿಯ ತೂತಿನ) ಬುಷ್, ಶಾಕಲ್ ಬುಷ್ ಸವೆದರೆ ಇಡೀ ಆಕ್ಸಲ್ ಪಕ್ಕಕ್ಕೆ ತೂಗುತ್ತದೆ. ನಡುವೆ ಅಡ್ಡಪಟ್ಟಿ ಇಲ್ಲದ ಉದ್ದನೆಯ ಶಾಕಲ್ ಇದನ್ನು ಇನ್ನೂ ಕೆಡಿಸುತ್ತದೆ.

ಹೆಚ್ಚಿನವರು ಬಿಟ್ಟುಬಿಡುವುದು ಕಿಂಗ್‌ಪಿನ್ (ಚಕ್ರ ಹಿಡಿದಿರುವ ‘ನಕಲ್’ ಎಂಬ ಭಾಗ ಎಡಬಲಕ್ಕೆ ಹೊರಳುವ ಗೂಟ) ಬೇರಿಂಗನ್ನು. ಮುಂಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್‌ಪಿನ್. ಆಟವೇ ಇಲ್ಲದೆ ಕಿಂಗ್‌ಪಿನ್ ಬೇರಿಂಗ್ ಬಿಗಿ ಕಳೆದುಕೊಂಡಿದ್ದರೂ ನಡುಕ ಬರುತ್ತದೆ. ಅದನ್ನು ನೋಡಲು ಟೈ-ರಾಡ್ ಬಿಚ್ಚಿ, ನಕಲ್ ಸೀಲ್ ತೆಗೆದು, ಟೈ-ರಾಡ್ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ನಕಲ್ ಅಲುಗಲು ಸುಮಾರು 1ರಿಂದ 1.8 ಕೆ.ಜಿ. ಬೇಕು. ಕಡಿಮೆ ಬಂದರೆ ಕಿಂಗ್‌ಪಿನ್ ಅಡಿಯ ಶಿಮ್ (ತೆಳು ತಗಡು) ತೆಗೆದು ಬಿಗಿ ಮಾಡಬಹುದು. ಆದರೆ ನಕಲ್ ತಿರುಗಿಸುವಾಗ ನೇರ ನಿಲುವಿನಲ್ಲಿ ‘ಟಕ್’ ಎಂದು ಕಚ್ಚಿಕೊಂಡರೆ ರೇಸಿನ (ರೋಲರ್ ಉರುಳುವ ಬಳೆಯ) ಮೇಲೆ ರೋಲರ್ ಕುಳಿ ಮಾಡಿದೆ ಎಂದರ್ಥ. ಬೇರಿಂಗ್, ರೇಸ್ ಎರಡೂ ಬದಲಾಗಬೇಕು. ಹಳ್ಳ ದಾಟುವ ಗಾಡಿಗಳಲ್ಲಿ ಹರಿದ ಸೀಲಿನಿಂದ ನೀರು ಹೋಗಿ ಗ್ರೀಸು ಮಜ್ಜಿಗೆಯಂತಾಗಿರುತ್ತದೆ. ಸೀಲ್ ಉಳಿಸಿಕೊಂಡು ಬೇರಿಂಗ್ ಮಾತ್ರ ಹಾಕುವುದು ಕಾಸು ದಂಡ.

ಲಿಫ್ಟಿನ ನೇರ ತಪ್ಪು ಎಂದರೆ ಕ್ಯಾಸ್ಟರ್. ಜಿಪ್ಸಿಯ ಮುಂದಿನ ಶಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿದೆ. ಅದನ್ನು 50 ಮಿ.ಮೀ. ಉದ್ದ ಮಾಡಿದರೆ ಆಕ್ಸಲ್ ಬಳಿ ಏರುವುದು ಅದರ ಅರ್ಧದಷ್ಟು ಮಾತ್ರ, ಆದರೆ ಆಕ್ಸಲ್ ಮುಂದಕ್ಕೆ ಬಗ್ಗುತ್ತದೆ. ಸ್ಪ್ರಿಂಗಿನ ಎರಡು ಕಣ್ಣುಗಳ ನಡುವೆ 900 ಮಿ.ಮೀ. ಇದ್ದರೆ ಬಾಗು ಸುಮಾರು 3 ಡಿಗ್ರಿ. ಕಂಪನಿ ಕೊಟ್ಟ ಕ್ಯಾಸ್ಟರೇ ಮೂರೂವರೆಯ ಆಸುಪಾಸು, ಇನ್ನು ಉಳಿಯುವುದೇನು? ಚಕ್ರ ನೇರಕ್ಕೆ ಮರಳುವ ಗುಣವೇ ಹೋಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಹಿಂತಿರುಗದಿದ್ದರೆ ಇದೇ ಗುರುತು.

ಇದಕ್ಕೆ ಮದ್ದು ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಕೂರಿಸುವ ಉಕ್ಕಿನ ಬೆಣೆ. ಅಲ್ಯೂಮಿನಿಯಂ ಬೆಣೆ ಜಜ್ಜಿಹೋಗುತ್ತದೆ, ಬೇಡ. ಸ್ಪ್ರಿಂಗ್ ಆಕ್ಸಲ್ಲಿನ ಕೆಳಗಿದ್ದರೆ ದಪ್ಪ ತುದಿ ಮುಂದಕ್ಕೆ, ಮೇಲಿದ್ದರೆ ಹಿಂದಕ್ಕೆ ಬರಬೇಕು. ಉಲ್ಟಾ ಕೂರಿಸಿ ‘ಬೆಣೆ ಹಾಕಿದರೂ ಹೋಗಲಿಲ್ಲ’ ಎನ್ನುವವರಿದ್ದಾರೆ. ಸೆಂಟರ್ ಬೋಲ್ಟ್ ಮೊದಲಿನದಕ್ಕಿಂತ ಬೆಣೆಯ ದಪ್ಪದಷ್ಟು ಹೆಚ್ಚು ಉದ್ದದ್ದಾಗಲಿ, ಯು-ಬೋಲ್ಟ್ ಹೊಸದಿರಲಿ, 100 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ಮಾಡಿ. ಬೆಣೆ ಹಾಕಿದಷ್ಟೂ ಡಿಫರೆನ್ಷಿಯಲ್ಲಿನ ಮೂತಿ ಕೆಳಗಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಆದ್ದರಿಂದ ಕಳೆದುಕೊಂಡದ್ದಷ್ಟನ್ನೇ ವಾಪಸ್ ತನ್ನಿ.

ಟೋ-ಇನ್ (ಮುಂಚಕ್ರಗಳ ಮುಂಬದಿ ಒಳಕ್ಕೆ ತಿರುಗಿರುವ ಅಳತೆ) 3 ಮಿ.ಮೀ. ಆಸುಪಾಸು ಇರಲಿ. ಆಟವೆಲ್ಲ ತೆಗೆದ ಮೇಲೆಯೇ ಅದನ್ನು ಹೊಂದಿಸಬೇಕು, ಸಡಿಲ ಕೀಲಿನ ಮೇಲೆ ಮಾಡಿದ ಅಲೈನ್‌ಮೆಂಟ್ ಕಾಗದಕ್ಕಷ್ಟೇ.

ಜಿಮ್ನಿಯವರು ಲೀಫ್ ಸ್ಪ್ರಿಂಗಿನ ಬದಲು ಪ್ಯಾನ್‌ಹಾರ್ಡ್ ರಾಡಿನ ಎರಡೂ ತುದಿಯ ಬುಷ್ ಮತ್ತು ಬೋಲ್ಟ್ ತೂತು ಅಂಡಾಕಾರವಾಗಿದೆಯೇ ಎಂದು ನೋಡಿ. ಅಲ್ಲೂ ಲಿಫ್ಟ್ ಕ್ಯಾಸ್ಟರನ್ನು ತಿನ್ನುತ್ತದೆ, ಸರಿಪಡಿಸುವುದು ಮುಂದಿನ ಆಕ್ಸಲ್ ಹಿಡಿಯುವ ಆರ್ಮ್‌ಗೆ (ತೋಳಿಗೆ) ಬರುವ ಕ್ಯಾಸ್ಟರ್ ಬುಷ್‌ನಿಂದ. ಕಿಂಗ್‌ಪಿನ್ ಮಾತು ಎರಡಕ್ಕೂ ಒಂದೇ.

ಎಲ್ಲ ಮುಗಿದ ಮೇಲೆ ಡ್ಯಾಂಪರ್ ಬಿಚ್ಚಿಟ್ಟು, ಖಾಲಿ ರಸ್ತೆಯಲ್ಲಿ 40ರಿಂದ ಶುರುಮಾಡಿ ಹತ್ತು ಹತ್ತೇ ಏರಿಸಿ. ಡ್ಯಾಂಪರ್ ಇಲ್ಲದೆಯೂ ಗಾಡಿ ನೆಟ್ಟಗೆ ಓಡಿದರೆ ಅದನ್ನು ಮತ್ತೆ ಕೂರಿಸಿ. ನಡುಗಿದರೆ ಮತ್ತೆ ಕಿಂಗ್‌ಪಿನ್ನಿನಿಂದ ಶುರುಮಾಡಿ.