ಕೇಳದೆ ಬದಲಾಗುವ ರೂಟರ್

ಮನೆಯ ರೂಟರನ್ನು ನಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು ಎಂಬ ಒಂದೇ ಕಾರಣಕ್ಕೆ ನಾನು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶದ ಆಧಾರದ ರೂಟರ್ ಕೊಂಡೆ. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರಿನ ತಂತ್ರಾಂಶದ ಸೋರ್ಸ್ ಕೋಡ್ ಬಹಿರಂಗವಾದ ಮೇಲೆ, 2004ರಲ್ಲಿ ಶುರುವಾದ ಯೋಜನೆ ಅದು. ಬಳ್ಳಾರಿಯ ನಮ್ಮ ಮನೆಯಲ್ಲಿ ಆ ರೂಟರ್ ಜಾಹೀರಾತುಗಳನ್ನು ತಡೆಯುತ್ತದೆ, ರಾತ್ರಿ ಮಕ್ಕಳ ಮೊಬೈಲಿಗೆ ನೆಟ್ ನಿಲ್ಲಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಣ್ಣನ ಜೀನ್ಸ್ ಹೊಲಿಗೆ ಘಟಕದ ಕ್ಯಾಮೆರಾಗಳನ್ನೂ ಲೆಕ್ಕದ ಕಂಪ್ಯೂಟರನ್ನೂ ವೈರ್‌ಗಾರ್ಡ್ ಎಂಬ ಸುರಕ್ಷಿತ ಖಾಸಗಿ ಸಂಪರ್ಕದ (ವಿಪಿಎನ್) ಮೂಲಕ ಮನೆಗೆ ಜೋಡಿಸುತ್ತದೆ.

ರೂಟರ್ ತಯಾರಕರು ಓಪನ್‌ಡಬ್ಲ್ಯುಆರ್‌ಟಿಯ ಮೇಲೆ ತಮ್ಮದೇ ಆವೃತ್ತಿಯೊಂದನ್ನು ಕೂರಿಸಿ, ಸ್ವಯಂಚಾಲಿತ ಅಪ್‌ಡೇಟ್ ಸೌಲಭ್ಯವನ್ನು ಚಾಲೂ ಇಟ್ಟೇ ಮಾರುತ್ತಾರೆ. ಹೊಸ ಫರ್ಮ್‌ವೇರ್, ಅಂದರೆ ರೂಟರನ್ನು ನಡೆಸುವ ತಂತ್ರಾಂಶ, ಬಂದಾಗ ಮೂಲ ತಂತ್ರಾಂಶ ಪೂರ್ತಿಯಾಗಿ ಬದಲಾಗುತ್ತದೆ. ಸೆಟ್ಟಿಂಗ್ಸ್ ಕಡತಗಳು ಉಳಿಯುತ್ತವೆ, ಆದರೆ ನಾವಾಗಿ ಸೇರಿಸಿಕೊಂಡ ಪ್ಯಾಕೇಜುಗಳು (ಹೆಚ್ಚುವರಿ ಪ್ರೋಗ್ರಾಂಗಳು) ಅಳಿಸಿಹೋಗುತ್ತವೆ. ಹೀಗಾಗಿ ವೈರ್‌ಗಾರ್ಡಿನ ಕೀಲಿ, ವಿಳಾಸಗಳೆಲ್ಲ ಇದ್ದಲ್ಲೇ ಇದ್ದರೂ ಅವನ್ನು ಬಳಸಬೇಕಾದ ಪ್ರೋಗ್ರಾಂ ಮಾತ್ರ ಇರುವುದಿಲ್ಲ. ನೆಟ್ ಎಂದಿನಂತೆ ನಡೆಯುತ್ತಿರುವುದರಿಂದ ಮನೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಘಟಕದ ಕ್ಯಾಮೆರಾ ಕಾಣದಿದ್ದಾಗಲೇ ವಿಷಯ ಗೊತ್ತಾಗುವುದು. ಯಾವುದು ತೆಗೆದುಹೋಯಿತು ಎಂಬ ಒಂದು ಸಾಲಿನ ಸೂಚನೆಯನ್ನಾದರೂ ಕೊಡದಿರುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ದೊಡ್ಡ ಆವೃತ್ತಿ ಬದಲಾದಾಗ ಸೆಟ್ಟಿಂಗ್ಸ್ ಉಳಿಯುತ್ತವೆ ಎಂಬ ಭರವಸೆಯೂ ಇಲ್ಲ. ಓಪನ್‌ಡಬ್ಲ್ಯುಆರ್‌ಟಿ 21.02ರಲ್ಲಿ ಹಲವು ರೂಟರುಗಳ ಲ್ಯಾನ್ ಪೋರ್ಟುಗಳನ್ನು ನಿರ್ವಹಿಸುವ ವಿಧಾನವೇ ಬದಲಾಯಿತು, 22.03ರಲ್ಲಿ ಯಾವ ಸಂಪರ್ಕವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನಿರ್ಧರಿಸುವ ಫೈರ್‌ವಾಲ್ ಐಪಿಟೇಬಲ್ಸ್ ಎಂಬ ಹಳೆಯ ವ್ಯವಸ್ಥೆ ಬಿಟ್ಟು ಎನ್‌ಎಫ್‌ಟೇಬಲ್ಸ್ ಎಂಬ ಹೊಸದಕ್ಕೆ ಹೋಯಿತು. ಇಂಥ ಬದಲಾವಣೆಗಳು ಬೇಕಾದವೇ. ಆದರೆ ಹಳೆಯ ನಿಯಮಗಳನ್ನು ಕೈಯಾರೆ ಬರೆದಿಟ್ಟವರು ಕೂತು ಓದಿ, ತಿದ್ದಿ, ಆಮೇಲೆ ಒಪ್ಪಿಕೊಳ್ಳಬೇಕಾದ ಕೆಲಸವದು; ಮನೆಮಂದಿ ಮಲಗಿರುವಾಗ ತಾನಾಗಿ ಆಗಿಹೋಗಬಾರದು.

ಮಲಗಿರುವಾಗಲೇ ಆಗುತ್ತದೆ ಎಂದೂ ಹೇಳುವಂತಿಲ್ಲ. ಸಮಯ ವಲಯವನ್ನು ನಾವು ಬದಲಿಸದಿದ್ದರೆ ರೂಟರ್ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ (ಅಂತರರಾಷ್ಟ್ರೀಯ) ಸಮಯದಲ್ಲೇ ಇರುತ್ತದೆ, ಹಾಗಾಗಿ ಬೆಳಗಿನ ಜಾವ 3ಕ್ಕೆ ಎಂದು ನಿಗದಿಯಾದ ಅಪ್‌ಡೇಟ್ ನಮ್ಮಲ್ಲಿ ಬೆಳಿಗ್ಗೆ 8.30ಕ್ಕೆ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳ ಬಳ್ಳಾರಿಯಲ್ಲಿ ಯಾವ ಹೊತ್ತಿಗೆ ಕರೆಂಟ್ ಹೋಗುತ್ತದೆಂದು ಯಾರು ಹೇಳಬಲ್ಲರು? ಫ್ಲ್ಯಾಶ್ ಮೆಮೊರಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾದರೆ ರೂಟರ್ ಮತ್ತೆ ಏಳದಿರಬಹುದು. ಅದಕ್ಕೇ ನಮ್ಮ ರೂಟರನ್ನು ಫ್ಯಾನುಗಳ ಜೊತೆ ಇನ್ವರ್ಟರಿಗೆ ಸೇರಿಸಿದ್ದೇನೆ. ಎಲ್ಲರ ಮನೆಯಲ್ಲೂ ಆ ಅನುಕೂಲವಿರುವುದಿಲ್ಲ.

ಅಪ್‌ಡೇಟ್ ಬೇಡವೆಂದು ನಾನು ವಾದಿಸುತ್ತಿಲ್ಲ. 2018ರಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು. ರೂಟರಿನ ಪುಟವನ್ನು ಎಂದೂ ತೆರೆದು ನೋಡದವರಿಗೆ ಸ್ವಯಂಚಾಲಿತ ಅಪ್‌ಡೇಟೇ ಸರಿ. ತಿದ್ದಿಕೊಳ್ಳುವುದಕ್ಕೆಂದೇ ಮಾರುವ ರೂಟರಿನಲ್ಲಿ ಮಾತ್ರ ಭದ್ರತೆಯ ತಿದ್ದುಪಡಿಗಳು ಬೇರೆ, ಆವೃತ್ತಿಯ ಬದಲಾವಣೆ ಬೇರೆ ಎಂದು ವಿಂಗಡಿಸಿ, ಎರಡನೆಯದಕ್ಕೆ ಮಾಲೀಕನ ಒಪ್ಪಿಗೆ ಕೇಳಬೇಕು. ಪ್ಯಾಕೇಜುಗಳನ್ನು ಉಳಿಸುವುದೂ ಅಸಾಧ್ಯವೇನಲ್ಲ. ಓಪನ್‌ಡಬ್ಲ್ಯುಆರ್‌ಟಿಯ ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಎಂಬ ಸೌಲಭ್ಯ ನಮ್ಮ ಪಟ್ಟಿಯಲ್ಲಿರುವ ಪ್ಯಾಕೇಜುಗಳನ್ನೆಲ್ಲ ಸೇರಿಸಿದ ಫರ್ಮ್‌ವೇರನ್ನೇ ಸರ್ವರಿನಲ್ಲಿ ಸಿದ್ಧಪಡಿಸಿಕೊಡುತ್ತದೆ. ಆ ಸರ್ವರಿನಲ್ಲೇ ಗಂಭೀರ ಭದ್ರತಾ ಲೋಪವಿದ್ದದ್ದು 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು, ಯೋಜನೆಯವರು ಬೇಗನೆ ಸರಿಪಡಿಸಿದರು. ಫರ್ಮ್‌ವೇರ್ ಬರುವ ದಾರಿಯನ್ನೂ ಕಣ್ಣಿಟ್ಟು ನೋಡಬೇಕಾಗುತ್ತದೆ ಎಂಬ ನನ್ನ ಅಭಿಪ್ರಾಯ ಅದರಿಂದ ಇನ್ನಷ್ಟು ಗಟ್ಟಿಯಾಯಿತು.

ಈಗ ನಾನು ಸ್ವಯಂಚಾಲಿತ ಅಪ್‌ಡೇಟನ್ನು ನಿಲ್ಲಿಸಿದ್ದೇನೆ. ಪ್ಯಾಕೇಜುಗಳ ಪಟ್ಟಿ ಮತ್ತು ಸೆಟ್ಟಿಂಗ್ಸಿನ ಬ್ಯಾಕಪ್ ಕಂಪ್ಯೂಟರಿನಲ್ಲಿವೆ. ಹೊಸ ಆವೃತ್ತಿಯ ಟಿಪ್ಪಣಿಗಳನ್ನು ಓದಿಕೊಂಡು, ಅಣ್ಣನ ಘಟಕಕ್ಕೆ ರಜೆಯಿರುವ ಭಾನುವಾರ ನಾನೇ ಹಾಕುತ್ತೇನೆ. ಆದರೆ ಹಾಗೆ ಹಾಕಿದ ಮೇಲೂ ತಯಾರಕರ ಆವೃತ್ತಿಯಲ್ಲಿ ನಾನು ಆಫ್ ಮಾಡಿದ್ದ ಆಯ್ಕೆ ತಾನಾಗಿ ಮತ್ತೆ ಆನ್ ಆಗಿರುತ್ತದೆ. ಅದೊಂದನ್ನಾದರೂ ಸರಿಪಡಿಸಿ ಎಂದು ಅವರಿಗೆ ಬರೆದಿದ್ದೇನೆ.